ಎರಡು ಹುಟ್ಟುಹಬ್ಬದ ಆಸಾಮಿ

ಮೂರನೇ ಕ್ಲಾಸಿನಲ್ಲಿ ಓದುವ ನನ್ನ ಮೊಮ್ಮಗಳಿಗೆ ಶಾಲೆಯಲ್ಲಿ ಒಂದು ಹೋಂವರ್ಕ್ ಕೊಟ್ಟಿದ್ದರು. ಮನೆಯ ಹಿರಿಯರೊಬ್ಬರ ಬಗ್ಗೆ ಹೊರಗಿನವರಿಗೆ ಗೊತ್ತಿಲ್ಲದ ಮೂರು ವಿಚಿತ್ರ ಸಂಗತಿಗಳನ್ನು ಬರೆದು ತರಬೇಕಂತೆ. ಪೆನ್ಸಿಲ್ಲು, ನೋಟ್‌ಬುಕ್ಕು ಹಿಡಿದುಕೊಂಡು ನೇರವಾಗಿ ನನ್ನ ಮುಂದೆ ಬಂದು ಕೂತಳು. ಈ ಮನೆಯಲ್ಲಿ ವಿಚಿತ್ರ ಎಂದರೆ ಅಜ್ಜನೇ ಎಂಬುದರಲ್ಲಿ ಅವಳಿಗೆ ಅನುಮಾನವೇ ಇದ್ದಂತಿರಲಿಲ್ಲ. ಅಡುಗೆಮನೆಯಿಂದ ಅವಳಜ್ಜಿ ‘ಮೂರು ಸಾಲೋದಿಲ್ಲ, ಇನ್ನೊಂದು ಹಾಳೆ ತಗೊಳ್ಳೇ’ ಎಂದು ಒಗ್ಗರಣೆ ಹಾಕಿದಳು.

ಮೊದಲನೆಯದನ್ನು ಹೇಳುವುದು ಕಷ್ಟವಾಗಲಿಲ್ಲ. ಏಪ್ರಿಲ್ ತಿಂಗಳ ಸೆಖೆಯಲ್ಲೂ ನನಗೆ ಕಂಬಳಿ ಹೊದೆಯದೆ ನಿದ್ದೆ ಬಾರದು. ಫ್ಯಾನು ಜೋರಾಗಿ ತಿರುಗುತ್ತಿರಬೇಕು, ಕಂಬಳಿಯೂ ಇರಬೇಕು. ಎರಡನೆಯದು ಚಪ್ಪಲಿಯ ವಿಷಯ. ಒಮ್ಮೆ ಮದುವೆಮನೆಯಿಂದ ಹೊರಡುವಾಗ ಒಂದು ಕಾಲಿಗೆ ನನ್ನದು, ಇನ್ನೊಂದಕ್ಕೆ ಯಾರದ್ದೋ ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹತ್ತಿಬಿಟ್ಟಿದ್ದೆ. ಎರಡೂ ಕಪ್ಪು, ಎರಡೂ ಎಂಟನೇ ನಂಬರು. ಗೊತ್ತಾಗುವ ಹೊತ್ತಿಗೆ ಊರು ಮೂವತ್ತು ಮೈಲಿ ಹಿಂದಾಗಿತ್ತು. ಆ ಜೋಡಿಯನ್ನು ಹಾಗೆಯೇ ಎರಡು ವರ್ಷ ಸವೆಸಿದೆ. ಎಲ್ಲೋ ಒಬ್ಬ ಪುಣ್ಯಾತ್ಮ ಉಳಿದ ಜೋಡಿಯನ್ನು ಸವೆಸಿರಬೇಕು.

‘ಮೂರನೇದು?’ ಎಂದಳು ಮೊಮ್ಮಗಳು.

‘ನನಗೆ ಎರಡು ಹುಟ್ಟುಹಬ್ಬ’ ಎಂದೆ. ಇದನ್ನು ಅವಳಿಗೆ ಬಿಡಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ನಿಮಗೂ ಹೇಳಿಬಿಡುತ್ತೇನೆ.

ಸರ್ಕಾರದ ಲೆಕ್ಕದಲ್ಲಿ ನಾನು ಹುಟ್ಟಿದ್ದು 1963ರ ಜೂನ್ 1ರಂದು. ಅಮ್ಮನ ಲೆಕ್ಕವೇ ಬೇರೆ. ಅವಳಿಗೆ ಇಸವಿ, ತಾರೀಖು ಗೊತ್ತಿರಲಿಲ್ಲ, ಮಳೆ ಗೊತ್ತಿತ್ತು. ‘ನೆಹರೂ ತೀರಿಕೊಂಡರು ಅಂತ ಅಂಗಡಿ ರೇಡಿಯೋದಲ್ಲಿ ಹೇಳಿದಾಗ ರೋಹಿಣಿ ಮಳೆ. ನೀನು ಆಗ ಹೊಟ್ಟೆಯಲ್ಲಿ ಏಳು ತಿಂಗಳು. ಪುಷ್ಯ ಮಳೆ ಹುಟ್ಟಿದ ಮೂರನೇ ದಿನ, ಬುಧವಾರ, ನೀನು ಹುಟ್ಟಿದೆ. ಕ್ರೋಧಿ ಸಂವತ್ಸರ, ಅದಕ್ಕೇ ಈ ಸಿಟ್ಟು’ ಎನ್ನುತ್ತಿದ್ದಳು. ನೆಹರೂ ತೀರಿಕೊಂಡದ್ದು 1964ರ ಮೇ 27ರಂದು. ಅಲ್ಲಿಂದ ಪಂಚಾಂಗ ಹಿಡಿದು ಮುಂದೆ ಎಣಿಸಿದರೆ ನನ್ನ ಅಸಲಿ ಹುಟ್ಟುಹಬ್ಬ ಜುಲೈ 22ಕ್ಕೆ ಬಂದು ನಿಲ್ಲುತ್ತದೆ. ಅಂದರೆ ನಾನು ಭೂಮಿಗೆ ಬರುವುದಕ್ಕೆ ಒಂದು ವರ್ಷ ಐವತ್ತೊಂದು ದಿನ ಮೊದಲೇ ಸರ್ಕಾರ ನನ್ನನ್ನು ಹುಟ್ಟಿಸಿಯಾಗಿತ್ತು!

ಇದರಲ್ಲಿ ನಾನೊಬ್ಬನೇ ಅಲ್ಲ ಬಿಡಿ. ಕಚೇರಿಯಲ್ಲಿ ಸಿಬ್ಬಂದಿಯ ಸೇವಾ ಪುಸ್ತಕಗಳನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ತೆರೆದಲ್ಲೆಲ್ಲ ಜೂನ್ 1. ಜೂನಿನಲ್ಲಿ ಶಾಲೆ ಶುರು, ಮಗುವಿನ ಕೈ ಹಿಡಿದು ಬಂದ ಅಪ್ಪನಿಗೆ ತಾರೀಖು ಗೊತ್ತಿಲ್ಲ, ಹೆಡ್‌ಮೇಷ್ಟ್ರ ಕೈಯಲ್ಲಿ ಪೆನ್ನು. ಕೆಲಸ ಸಲೀಸು. ಆ ತಾರೀಖು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹತ್ತಿತೆಂದರೆ ಮುಗಿಯಿತು, ಬ್ರಹ್ಮ ಬರೆದರೂ ಅಳಿಸಬಹುದು, ಅದನ್ನು ಅಳಿಸಲಾಗದು. ಕೆಲಸಕ್ಕೆ ಸೇರಿದ ಮೂರು ವರ್ಷದೊಳಗೆ ಕೇಳಿಕೊಳ್ಳಬೇಕು ಎನ್ನುತ್ತದೆ ರಾಜ್ಯ ನೌಕರರ ವಯಸ್ಸು ನಿರ್ಧರಿಸುವ 1974ರ ಕಾಯಿದೆ. ನನಗೆ ಜ್ಞಾನೋದಯವಾಗುವ ಹೊತ್ತಿಗೆ ಹತ್ತು ವರ್ಷ ಕಳೆದಿತ್ತು. ಆಮೇಲೆ ಬೇರೆಯವರು ಇಂಥ ಅರ್ಜಿ ತಂದಾಗ ‘ಅವಧಿ ಮೀರಿದೆ’ ಎಂದು ಷರಾ ಬರೆದು ಮೇಲಕ್ಕೆ ಕಳಿಸಿದವನೂ ನಾನೇ.

ತಿಂಗಳ ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗುವುದು ನಿಯಮ. ಹಾಗಾಗಿ 2023ರ ಮೇ 31ಕ್ಕೆ ನಾನು ಮನೆಗೆ. ಅಮ್ಮನ ಲೆಕ್ಕ ನಡೆದಿದ್ದರೆ 2024ರ ಜುಲೈ 31. ನಡುವೆ ಹದಿನಾಲ್ಕು ತಿಂಗಳ ಸಂಬಳ! ಈ ಹದಿನಾಲ್ಕು ತಿಂಗಳಿಗಾಗಿ ಆ ಹೆಡ್‌ಮೇಷ್ಟ್ರನ್ನು ನಾನು ಮನಸ್ಸಿನಲ್ಲಿ ಬೈಯದ ದಿನವಿರಲಿಲ್ಲ.

ನಿವೃತ್ತಿಯ ಸಂಜೆ ಸಾಗರದ ಕಡೆಯ ನಮ್ಮ ಊರಿನಿಂದ ಅಕ್ಕ ಬಂದಿದ್ದಳು. ಹಾರ, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಮುಗಿಸಿ ಮನೆಗೆ ಬಂದು ಕೂತಾಗ ಅಭ್ಯಾಸಬಲದಿಂದ ಮೇಷ್ಟ್ರನ್ನು ಮತ್ತೊಮ್ಮೆ ಬೈದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಅವರನ್ನ ಬೈಬೇಡ ಕಣೋ. ಅದು ನನಗೋಸ್ಕರ ಬರೆದದ್ದು’ ಎಂದಳು.

ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಎರಡನೇ ಕ್ಲಾಸು ಮುಗಿಯುತ್ತಲೇ ಅವಳನ್ನು ಶಾಲೆ ಬಿಡಿಸಿದ್ದರಂತೆ. ಅಪ್ಪ, ಅಮ್ಮ ಇಬ್ಬರೂ ಕೂಲಿಗೆ ಹೋದರೆ ನನ್ನನ್ನು ನೋಡಿಕೊಳ್ಳಲು ಮನೆಯಲ್ಲಿ ಇನ್ಯಾರೂ ಇರಲಿಲ್ಲ. ಮೇಷ್ಟ್ರು ಎರಡು ಸಲ ಮನೆಗೆ ಬಂದು ‘ಹುಡುಗಿ ಚೆನ್ನಾಗಿ ಓದ್ತಾಳೆ, ಕಳಿಸಿ’ ಎಂದಿದ್ದರು. ‘ಇವನನ್ನ ಯಾರು ನೋಡ್ಕೊಳ್ತಾರೆ?’ ಎಂದಿದ್ದ ಅಪ್ಪ. ಮೂರನೇ ಸಲ, 1969ರ ಜೂನಿನಲ್ಲಿ, ಮೇಷ್ಟ್ರು ‘ಹಾಗಾದರೆ ಇಬ್ಬರನ್ನೂ ಕಳಿಸಿ’ ಎಂದುಬಿಟ್ಟರು.

ಆಗೆಲ್ಲ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಶಾಲೆಗೆ ಸೇರುವ ವಯಸ್ಸಾಯಿತೆಂದು ಅರ್ಥ. ಐದು ವರ್ಷವೂ ತುಂಬದ ನನ್ನ ಕೈ ನೆತ್ತಿಯಲ್ಲೇ ನಿಂತುಬಿಟ್ಟಿತಂತೆ. ಮೇಷ್ಟ್ರು ಕಿಟಕಿಯ ಕಡೆ ಮುಖ ತಿರುಗಿಸಿ, ‘ಮುಟ್ಟಿತು, ಮುಟ್ಟಿತು’ ಎನ್ನುತ್ತ ಆರು ವರ್ಷ ತುಂಬುವ ಹಾಗೆ ತಾರೀಖು ಬರೆದುಕೊಂಡರಂತೆ.

‘ಎಷ್ಟೋ ದಿನ ನೀನು ನನ್ನ ತೊಡೆ ಮೇಲೇ ನಿದ್ದೆ ಮಾಡ್ತಿದ್ದೆ. ಒಂದೆರಡು ಸಲ ಲಂಗವನ್ನೂ ಒದ್ದೆ ಮಾಡಿದ್ದೆ. ನಾನು ಲೆಕ್ಕ ಬಿಡಿಸ್ತಾ ಇದ್ದೆ’ ಎಂದು ಅಕ್ಕ ನಕ್ಕಳು.

ಹಾಗೆ ಲೆಕ್ಕ ಬಿಡಿಸಿದವಳು ಎಸ್ಸೆಸ್ಸೆಲ್ಸಿ ಪಾಸಾದಳು. ಊರಿನ ಅಂಗನವಾಡಿಯಲ್ಲಿ ಕಾರ್ಯಕರ್ತೆಯಾಗಿ ಮೂವತ್ತು ವರ್ಷಕ್ಕೂ ಮೇಲೆ ದುಡಿದಳು. ಊರಿನಲ್ಲಿ ಹುಟ್ಟಿದ ಪ್ರತಿ ಮಗುವಿನ ಅಸಲಿ ತಾರೀಖನ್ನು ರಿಜಿಸ್ಟರಿನಲ್ಲಿ ಬರೆದಿಟ್ಟವಳು ಅವಳೇ.

‘ಇಷ್ಟು ವರ್ಷ ಯಾಕೆ ಹೇಳಲಿಲ್ಲ?’ ಎಂದು ಕೇಳಿದೆ.

‘ನನ್ನಿಂದ ನಿನಗೆ ನಷ್ಟ ಆಯ್ತು ಅಂತ ನಿನ್ನ ಮನಸ್ಸಿಗೆ ಬಂದರೆ ಏನು ಮಾಡೋದು ಅಂತ ಹೆದರಿಕೆ. ನೌಕರಿ ಮುಗಿಯಲಿ ಅಂತ ಕಾದೆ’ ಎಂದಳು.

ನನಗೆ ಮಾತು ಹೊರಡಲಿಲ್ಲ. ಮೇಷ್ಟ್ರು ತೀರಿಕೊಂಡು ಎಷ್ಟೋ ಕಾಲವಾಗಿದೆ, ಕ್ಷಮೆ ಕೇಳುವುದಕ್ಕೂ ಇಲ್ಲ.

ಒಂದು ತಮಾಷೆ ನೋಡಿ. ಜನನ ಮರಣ ನೋಂದಣಿಯ ಕಾಯಿದೆ ಬಂದದ್ದು ನಾನು ಶಾಲೆಗೆ ಸೇರಿದ 1969ರಲ್ಲೇ. ಅದಕ್ಕೆ ತಿದ್ದುಪಡಿಯಾಗಿ, ಹೊಸದಾಗಿ ಹುಟ್ಟುವ ಮಕ್ಕಳನ್ನು ಶಾಲೆಗೆ ಸೇರಿಸಲು ಜನನ ಪ್ರಮಾಣಪತ್ರವೇ ಆಧಾರ ಎಂದು ಜಾರಿಯಾದದ್ದು ನಾನು ನಿವೃತ್ತನಾದ 2023ರ ಅಕ್ಟೋಬರ್ 1ರಿಂದ. ಒಳ್ಳೆಯದೇ ಆಯಿತು. ಇನ್ನು ಮುಂದೆ ಯಾವ ಮಗುವೂ ಹುಟ್ಟುವುದಕ್ಕೆ ಮೊದಲೇ ಹುಟ್ಟಬೇಕಾಗಿಲ್ಲ. ಆದರೆ ಆ ಕಾಲದಲ್ಲಿ ಈ ಬಿಗಿ ಇದ್ದಿದ್ದರೆ ನನ್ನಕ್ಕ ಮೂರನೇ ಕ್ಲಾಸಿನ ಬಾಗಿಲು ಕಾಣುತ್ತಿದ್ದಳೇ ಎಂದು ಯೋಚಿಸಿದರೆ ನನ್ನ ಬಳಿ ಉತ್ತರವಿಲ್ಲ.

ಈಗ ಪ್ರತಿವರ್ಷ ಜುಲೈ 22ಕ್ಕೆ ಮನೆಯಲ್ಲಿ ಪಾಯಸ. ಜೂನ್ 1ರ ಬೆಳಿಗ್ಗೆ ಮಾತ್ರ ನಾನೇ ಅಕ್ಕನಿಗೆ ಫೋನು ಮಾಡುತ್ತೇನೆ. ಅವಳು ‘ಇವತ್ತೇನೋ ವಿಶೇಷ?’ ಎಂದು ಗೊತ್ತಿಲ್ಲದವಳಂತೆ ಕೇಳುತ್ತಾಳೆ.

ಮೊಮ್ಮಗಳು ಬರೆದದ್ದನ್ನು ಆಮೇಲೆ ತೆರೆದು ನೋಡಿದೆ. ಕಂಬಳಿ, ಚಪ್ಪಲಿ ಎರಡೂ ಸರಿಯಾಗಿದ್ದವು. ಮೂರನೆಯದರಲ್ಲಿ ಹೀಗಿತ್ತು: ‘ನಮ್ಮ ಅಜ್ಜನಿಗೆ ಎರಡು ಹುಟ್ಟುಹಬ್ಬ. ಅದರಲ್ಲಿ ಒಂದು ಅವರ ಅಕ್ಕನದು.’

ತಿದ್ದಲು ಹೋಗಲಿಲ್ಲ.