ಪಠ್ಯಕ್ರಮದಲ್ಲಿ ವಿದ್ಯಾರ್ಥಿಯ ಸ್ವಾನುಭವಕ್ಕೆ ಎಡೆಯೆಲ್ಲಿ?

ಪದವಿ ಹಂತದ ಕನ್ನಡ ಪಠ್ಯಕ್ರಮವನ್ನು ಕುರಿತ ನಮ್ಮ ಚರ್ಚೆಗಳು ಸಾಮಾನ್ಯವಾಗಿ ಎರಡು ಪ್ರಶ್ನೆಗಳ ಸುತ್ತಲೇ ನಡೆಯುತ್ತವೆ: ಯಾವ ಪಠ್ಯಗಳನ್ನು ಇಡಬೇಕು, ಕನ್ನಡಕ್ಕೆ ಎಷ್ಟು ಕಾರ್ಯಭಾರ ದೊರೆಯಬೇಕು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ರಾಜ್ಯದ ಕಾಲೇಜುಗಳಲ್ಲಿ ಜಾರಿಗೆ ಬಂದಾಗಲೂ, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದಾಗಲೂ ಈ ಪ್ರಶ್ನೆಗಳೇ ಮುನ್ನೆಲೆಗೆ ಬಂದವು. ಇವು ಅಗತ್ಯವಾದವು ನಿಜ. ಆದರೆ ವಿದ್ಯಾರ್ಥಿ ಈ ಓದಿನ ಮೂಲಕ ತನ್ನನ್ನು ತಾನು ಅರಿತುಕೊಳ್ಳಲು ಸಾಧ್ಯವೇ ಎಂಬ ಮೂರನೆಯ ಪ್ರಶ್ನೆ ಹಿಂದೆಯೇ ಉಳಿದಿದೆ.

ಅತಿಥಿ ಉಪನ್ಯಾಸಕನಾಗಿದ್ದಾಗ ಒಮ್ಮೆ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದ ಭಾಗವೊಂದನ್ನು ಪಾಠ ಮಾಡಿದ್ದೆ. ತರಗತಿ ಮುಗಿದ ಮೇಲೆ ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬ ಬಂದು, “ಸರ್, ನಮ್ಮೂರಾಗೂ ಹಿಂಗ ಐತ್ರಿ. ಪರೀಕ್ಷೆದಾಗ ಅದನ್ನ ಬರದ್ರ ನಡೀತೈತೇನ್ರಿ?” ಎಂದು ಕೇಳಿದ. ಅಂಕ ಸಿಗುವುದಿಲ್ಲ ಎನ್ನದೆ ನನಗೆ ಬೇರೆ ದಾರಿಯಿರಲಿಲ್ಲ. ಆಂತರಿಕ ಪರೀಕ್ಷೆಯಲ್ಲಿ ಅವನು ಗೈಡಿನ ಸಾರಾಂಶವನ್ನೇ ಬರೆದ; ಅದಕ್ಕೆ ಒಳ್ಳೆಯ ಅಂಕ ಕೊಟ್ಟವನೂ ನಾನೇ. ಇಲ್ಲಿ ಪಠ್ಯದ ಆಯ್ಕೆ ಸರಿಯಾಗಿಯೇ ಇತ್ತು. ಸೋತದ್ದು ಮೌಲ್ಯಮಾಪನ.

ದಲಿತ ಮತ್ತು ಮಹಿಳಾ ಆತ್ಮಕಥನಗಳು ಪಠ್ಯಗಳಾಗಿರುವುದು ಕನ್ನಡ ಅಧ್ಯಯನದ ಮಹತ್ವದ ಸಾಧನೆ. ಆದರೆ ಪ್ರಶ್ನೆಪತ್ರಿಕೆ ಇನ್ನೂ ಸಾರಾಂಶ, ಸಂದರ್ಭ ಸಹಿತ ವಿವರಣೆ, ಟಿಪ್ಪಣಿಗಳಲ್ಲೇ ನಿಂತಿದೆ. ಹೀಗಾಗಿ ಮತ್ತೊಬ್ಬರ ಸ್ವಾನುಭವವನ್ನು ಕಂಠಪಾಠ ಮಾಡಿ ತನ್ನದನ್ನು ಅದುಮಿಡುವ ವಿಪರ್ಯಾಸ ಏರ್ಪಟ್ಟಿದೆ. ಇನ್ನು ‘ವ್ಯಕ್ತಿತ್ವ ವಿಕಸನ’ವೆಂಬ ಹೆಸರಿನಲ್ಲಿ ನಡೆಯುವ ತರಬೇತಿಗಳು ಬಹುಮಟ್ಟಿಗೆ ಸಂದರ್ಶನದ ಸಿದ್ಧತೆಗಳಾಗಿವೆ. ಅವು ತನ್ನನ್ನು ಪ್ರದರ್ಶಿಸಿಕೊಳ್ಳುವುದನ್ನು ಕಲಿಸಬಹುದು, ಅರಿತುಕೊಳ್ಳುವುದನ್ನಲ್ಲ.

ಈ ಸಂದರ್ಭದಲ್ಲಿ ಕುವೆಂಪು ಅವರ ವಿದ್ಯಾರ್ಥಿಜೀವನ ನೆನಪಾಗುತ್ತದೆ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನಸಂಗ್ರಹ ಪ್ರಕಟಿಸಿದ್ದ ಅವರಿಗೆ, ತಾಯ್ನುಡಿಯಲ್ಲಿ ಬರೆಯುವಂತೆ 1924ರಲ್ಲಿ ಮೈಸೂರಿನಲ್ಲಿ ಸಲಹೆಯಿತ್ತವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಆ ಮಾತು ನಡೆದದ್ದು ಯಾವ ಪಠ್ಯಕ್ರಮದ ಭಾಗವಾಗಿಯೂ ಅಲ್ಲ. ವಿದ್ಯಾರ್ಥಿಯ ಸ್ವಂತ ಬರವಣಿಗೆಯನ್ನು ಹಿರಿಯರೊಬ್ಬರು ಓದಿ ಪ್ರತಿಕ್ರಿಯಿಸಿದರು, ಅಷ್ಟೆ. ಕೆಲವರಿಗೆ ಆಕಸ್ಮಿಕವಾಗಿ ಒದಗುವ ಇಂಥ ಅವಕಾಶವನ್ನು ಎಲ್ಲರಿಗೂ ಒದಗಿಸುವುದೇ ಪಠ್ಯಕ್ರಮದ ಕೆಲಸವಲ್ಲವೇ?

ಇದಕ್ಕೆ ಹೊಸ ಪತ್ರಿಕೆಯೇನೂ ಬೇಕಿಲ್ಲ. ಆಂತರಿಕ ಮೌಲ್ಯಮಾಪನದ ಅಂಕಗಳು ಎಷ್ಟೇ ಇರಲಿ, ಅದರಲ್ಲಿ ಒಂದು ನಿಯೋಜಿತ ಬರವಣಿಗೆಯನ್ನು ಇದಕ್ಕೆ ಮೀಸಲಿಡಬಹುದು. ಪಠ್ಯವೊಂದರ ಎದುರು ತನ್ನ ಊರು, ಮನೆಯ ಕಸುಬು, ವಲಸೆ, ಹಾಸ್ಟೆಲಿನ ಬದುಕು ಇವುಗಳಲ್ಲಿ ಯಾವುದನ್ನಾದರೂ ಇಟ್ಟು ವಿದ್ಯಾರ್ಥಿ ಬರೆಯಲಿ. ಮನೆಮಾತಿನ ಕನ್ನಡವನ್ನು ತಪ್ಪೆಂದು ಎಣಿಸದಿರೋಣ. ಅಧ್ಯಾಪಕರು ಅಂಕದೊಂದಿಗೆ ನಾಲ್ಕು ಸಾಲಿನ ಪ್ರತಿಕ್ರಿಯೆಯನ್ನೂ ಬರೆಯಲಿ.

ನೂರಕ್ಕೂ ಮಿಕ್ಕ ವಿದ್ಯಾರ್ಥಿಗಳಿರುವ ತರಗತಿಯಲ್ಲಿ, ಅದೂ ಅತಿಥಿ ಉಪನ್ಯಾಸಕರನ್ನೇ ನೆಚ್ಚಿದ ಕಾಲೇಜುಗಳಲ್ಲಿ, ಇದು ಸುಲಭವಲ್ಲವೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ವರ್ಷಕ್ಕೊಂದು ಬರವಣಿಗೆಯಿಂದ ಆರಂಭಿಸಬಹುದು. ಇದಕ್ಕಿಂತ ಗಂಭೀರವಾದ ಆಕ್ಷೇಪ ಮತ್ತೊಂದಿದೆ. ಜಾತಿ, ಬಡತನಗಳ ಗಾಯವನ್ನು ಅಂಕಕ್ಕಾಗಿ ತೋಡಿಕೊಳ್ಳುವಂತೆ ಮಾಡುವುದು ವಿದ್ಯಾರ್ಥಿಯ ಘನತೆಗೆ ಕುಂದು. ಆದ್ದರಿಂದ ವಿಷಯದ ಆಯ್ಕೆ ಅವನದೇ, ಅವಳದೇ ಆಗಿರಬೇಕು. ಹೇಳದೆ ಉಳಿಯುವ ಹಕ್ಕೂ ಇರಬೇಕು. ಬರೆದುದನ್ನು ಅನುಮತಿಯಿಲ್ಲದೆ ತರಗತಿಯಲ್ಲಿ ಓದಬಾರದು. ಅಂಕ ಸಲ್ಲಬೇಕಾದದ್ದು ಗಮನಿಸುವ, ಯೋಚಿಸುವ ಶಕ್ತಿಗೇ ಹೊರತು ನೋವಿನ ಪ್ರಮಾಣಕ್ಕಲ್ಲ.

ಆ ವಿದ್ಯಾರ್ಥಿ ಕೇಳಿದ್ದು ರಿಯಾಯಿತಿಯನ್ನಲ್ಲ, ಸಾಹಿತ್ಯದ ಮೂಲಭೂತ ಪ್ರಶ್ನೆಯನ್ನು. ಅಧ್ಯಯನ ಮಂಡಳಿಗಳು ಮುಂದಿನ ಪಠ್ಯಕ್ರಮ ಪರಿಷ್ಕರಣೆಯಲ್ಲಿ ‘ನಡೆಯುತ್ತದೆ’ ಎಂದು ಉತ್ತರಿಸುವಂತಾಗಬೇಕು.