‘ಏನಾದ್ರೂ ನಡೆಯುತ್ತೆ’ ಅನ್ನಬೇಡಿ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಬೆಂಗಳೂರಿನಿಂದ ಹೋದ ಸಸ್ಯಾಹಾರಿ ಹಸಿದಿರಬೇಕಾದ ಪ್ರಮೇಯವೇ ಇಲ್ಲ. ಸ್ಟೇಷನ್ ದಾಟಿದರೆ ವಡಾಪಾವ್, ಅದರಾಚೆ ನಮ್ಮ ಕರಾವಳಿಯವರೇ ನಡೆಸುವ ಉಡುಪಿ ಹೋಟೆಲು, ಡೊಂಬಿವಲಿಯ ಗಲ್ಲಿಗಳಲ್ಲಿ ಪೋಳಿ-ಭಾಜಿ (ಚಪಾತಿ-ಪಲ್ಯ) ಕೇಂದ್ರಗಳು. ತೊಡಕು ಶುರುವಾಗುವುದು ಸ್ನೇಹಿತರ ಮನೆಯಲ್ಲಿ. ಅವರು ಫೋನಿನಲ್ಲಿ ‘ಊಟಕ್ಕೆ ಏನು ಮಾಡಲಿ?’ ಎಂದರೆ ನಾವು ‘ಏನಾದ್ರೂ ನಡೆಯುತ್ತೆ, ತೊಂದರೆ ತಗೋಬೇಡಿ’ ಎನ್ನುತ್ತೇವೆ. ಇದನ್ನು ವಿನಯವೆಂದುಕೊಂಡಿದ್ದೇವೆ; ನನಗೆ ಇದು ಹೊಣೆ ಜಾರಿಸುವ ಮಾತಾಗಿ ಕೇಳುತ್ತದೆ. ಏನೂ ತೋಚದ ಮನೆಯವರು ಹೋಟೆಲಿನಿಂದ ಪನೀರ್ ಬಟರ್ ಮಸಾಲಾ ತರಿಸುತ್ತಾರೆ. ಅದನ್ನು ತಿನ್ನಲು ಬೆಂಗಳೂರು ಬಿಟ್ಟು ಬರಬೇಕಿರಲಿಲ್ಲ.

ಮೀನು ತಿನ್ನುವ ಮನೆಗೆ ಸಸ್ಯಾಹಾರದ ಅಡುಗೆ ಗೊತ್ತಿರುವುದಿಲ್ಲ ಎಂಬ ಊಹೆಯೇ ತಪ್ಪು. ಶ್ರಾವಣದಲ್ಲಿ ಮೀನು-ಮಾಂಸ ಬಿಡುವ ಮರಾಠಿ ಮನೆಗಳು ಬಹಳ. ಅದಕ್ಕೆ ಮುಂಚಿನ ಗಟಾರಿ ಅಮಾವಾಸ್ಯೆಯಂದು ಆಸೆ ತೀರುವಷ್ಟು ಉಣ್ಣುವುದೂ ಅದಕ್ಕೇ. ಸೋಮವಾರ, ಗುರುವಾರ, ಸಂಕಷ್ಟಿ ಎಂದು ಬಿಡುವವರೂ ಇದ್ದಾರೆ. ಅಲ್ಲಿ ನೆಲೆಸಿದ ನಮ್ಮ ಬಂಟರ, ಬಿಲ್ಲವರ ಅನೇಕ ಮನೆಗಳಲ್ಲೂ ಇಂಥ ದಿನಗಳುಂಟು. ಆ ದಿನಗಳ ಅಡುಗೆಯೇ ಅತಿಥಿಗೂ ಸಾಕು: ಕಡಲೆಹಿಟ್ಟಿನ ಪಿಠಲೆ ಜತೆಗೆ ಭಾಕರಿ, ಮೊಳಕೆ ಬರಿಸಿ ಸಿಪ್ಪೆ ಸುಲಿದ ವಾಲ್ ಕಾಳಿನ ಬಿರ್ಡೆ, ನಮ್ಮ ಪತ್ರೊಡೆಯ ನೆಂಟನಂತಿರುವ ಅಳೂವಡಿ. ಮಳೆಗಾಲವಾದರೆ ಆದಿವಾಸಿ ಹೆಂಗಸರು ಪೇಟೆಗೆ ತರುವ ಟಾಕಳಾ, ಕರ್ಟೋಲಿಗಳಿವೆ. ಟಾಕಳಾ ಎಂದರೆ ತುಳುವರ ತಜಂಕ್, ಕರ್ಟೋಲಿ ನಮ್ಮ ಮಡಹಾಗಲ. ದಾರಿಯಲ್ಲಿ ತಿಂದ ವಡಾಪಾವ್, ಸಾಬುದಾಣೆ ಖಿಚಡಿಗಳಲ್ಲಿ ಬಹುಪಾಲು ಪಿಷ್ಟವೇ; ಮಡಿಕೆ ಕಾಳಿನ ಮಿಸಳ್ ಒಂದನ್ನು ಬಿಟ್ಟರೆ, ಬೇಳೆಕಾಳು ಹೊಟ್ಟೆಗೆ ಬೀಳುವುದು ಹೆಚ್ಚಾಗಿ ಇಂಥ ಮನೆಯೂಟದಲ್ಲೇ.

ಆದರೆ ಬರೀ ‘ವೆಜ್’ ಎಂದರೆ ಸಾಲದು. ಆಗರಿ, ಕೋಳಿ ಸಮುದಾಯಗಳ ಅಡುಗೆಯಲ್ಲಿ ತರಕಾರಿಗೆ ಒಣ ಸೀಗಡಿ ಬೆರೆಸುವ ರೂಢಿಯಿದೆ, ಮೊಟ್ಟೆಯನ್ನು ಸಸ್ಯಾಹಾರದ ಲೆಕ್ಕಕ್ಕೆ ಸೇರಿಸುವವರಿದ್ದಾರೆ. ಈರುಳ್ಳಿ-ಬೆಳ್ಳುಳ್ಳಿ ಬಿಟ್ಟವರು ಅದನ್ನೂ ಹೇಳಬೇಕು. ಹೋಟೆಲಿನಲ್ಲಿ ಮಾಡುವಂತೆ ‘ಜೈನ್’ ಎಂದು ಚುಟುಕಾಗಿ ಮುಗಿಸಿದರೆ ಆಲೂಗಡ್ಡೆಯೂ ಮಾಯವಾಗಿ, ಪಾಪ, ಮಾಧ್ವರಿಗೆ ವೃಥಾ ನಷ್ಟ.

ಇಷ್ಟೆಲ್ಲ ಹೇಳುವುದು ಮನೆಯವರಿಗೆ ಹೊರೆಯಲ್ಲವೇ? ಎರಡು ದಿನ ಮೊದಲು ಹೇಳಿದರೆ ಹೊರೆಯಲ್ಲ. ಬಡಿಸಿದ ಮೇಲೆ ತಟ್ಟೆ ಸರಿಸಿದರೆ ಹೊರೆ, ಅವಮಾನ ಎರಡೂ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಮಾಂಸಾಹಾರಿಗಳಿಗೆ ಮನೆ ಕೊಡದ ಹೌಸಿಂಗ್ ಸೊಸೈಟಿಗಳಿರುವ ಮುಂಬಯಿ ಸೀಮೆಯಲ್ಲಿ ಸಸ್ಯಾಹಾರದ ಬೇಡಿಕೆಗೆ ಜಾತಿಯ ಮೇಲರಿಮೆಯ ವಾಸನೆ ಅಂಟಿದೆ. ಆ ಅನುಮಾನ ನ್ಯಾಯವೇ. ಅದಕ್ಕೇ ಗೆರೆ ಸ್ಪಷ್ಟವಾಗಿರಬೇಕು: ನನ್ನ ತಟ್ಟೆಯ ಮಾತು ನನ್ನದು, ಉಳಿದವರ ತಟ್ಟೆಯ ಮಾತು ನನ್ನದಲ್ಲ. ‘ನಾವಿರುವಾಗ ಮೀನು ಬೇಡ’ ಎನ್ನುವ ಹಕ್ಕು ಅತಿಥಿಗಿಲ್ಲ. ಮನೆಯವರು ತಾವಾಗಿ ಬಿಟ್ಟರೆ ಅದು ಅವರ ದೊಡ್ಡತನ. ಬೇರೆ ಪಾತ್ರೆಯೇ ಬೇಕು, ಅದೇ ಮೇಜಿನಲ್ಲಿ ಕೂರಲಾರೆ ಎನ್ನುವವರು ಉಡುಪಿ ಹೋಟೆಲಿನಲ್ಲಿ ಉಂಡು, ಸಂಜೆಯ ಚಹಾಕ್ಕೆ ಬರುತ್ತೇವೆಂದು ಮೊದಲೇ ತಿಳಿಸಿಬಿಡಲಿ.