ಅಸ್ತ್ರಗಳು ಬನ್ನಿಮರದ ಮೇಲೆಯೇ ಇರಲಿ



ರಕ್ತದೊತ್ತಡ, ಮಧುಮೇಹ, ಚಳಿಗಾಲದ ಫ್ಲೂ ಲಸಿಕೆ: ನಾನು ಸಾಮಾನ್ಯವಾಗಿ ಇಲ್ಲಿ ಬರೆಯುವ ವಿಷಯಗಳು ಇವು. ಈ ಸಲ ಅವನ್ನು ಬದಿಗಿಟ್ಟು, ನಮ್ಮ ಮನೆಗಳ ಮಕ್ಕಳ ಕೋಣೆಗಳಲ್ಲಿ ನಿತ್ಯವೂ ನಡೆಯುತ್ತಿದ್ದು ಹಿರಿಯರ ಕಿವಿಗೆ ಬೀಳದಿರುವ ಒಂದು ವಾದವನ್ನು ಎತ್ತಿಕೊಂಡಿದ್ದೇನೆ. ಹಲವರು ಕೂಡಿ ಆಡುವ ಆನ್‌ಲೈನ್ ಆಟಗಳಲ್ಲಿ, ವರ್ಷಗಟ್ಟಲೆ ಆಡಿ ಪಳಗಿದವನು ಹೊಸಬರಿಗೆಂದೇ ರಚಿಸಿದ ಮೊದಲ ಘಟ್ಟಗಳಿಗೆ ಮರಳಿ ಬಂದಾಗ, ತಾನು ಸಂಪಾದಿಸಿದ ಮೇಲ್ಮಟ್ಟದ ವಿದ್ಯೆಗಳನ್ನೆಲ್ಲ ಜೊತೆಗೆ ತರಬಹುದೇ, ಅಥವಾ ಬಾಗಿಲಲ್ಲಿ ಇಳಿಸಿ ಒಳಗೆ ಬರಬೇಕೇ? ನಾನು ಮಾತನಾಡಿಸಿದ ನಮ್ಮ ಯುವಕರಲ್ಲಿ ಹೆಚ್ಚಿನವರು ‘ಧಾರಾಳವಾಗಿ ತರಬಹುದು’ ಎನ್ನುತ್ತಾರೆ. ಇಳಿಸಿಯೇ ಬರಬೇಕು ಎಂಬುದು ನನ್ನ ಪಕ್ಷ. ಅವರ ವಾದದಲ್ಲಿ ಸತ್ತ್ವವಿಲ್ಲವೆಂದು ನಾನು ಹೇಳಲಾರೆ. ಆದರೆ ಅದು ಕೊನೆಗೆ ನಿಲ್ಲುವ ವಾದವಲ್ಲ.

ಈ ಲೋಕದ ಪರಿಚಯವಿಲ್ಲದ ಹಿರಿಯರಿಗಾಗಿ ಒಂದೆರಡು ಮಾತು. ಜಪಾನಿನ ಸ್ಕ್ವೇರ್ ಎನಿಕ್ಸ್ ಸಂಸ್ಥೆಯ ‘ಫೈನಲ್ ಫ್ಯಾಂಟಸಿ 14’ ಎಂಬ ಆಟವನ್ನು ತೆಗೆದುಕೊಳ್ಳೋಣ. 2013ರಲ್ಲಿ ಬುಡದಿಂದ ಪುನಃ ಕಟ್ಟಿ ಬಿಡುಗಡೆ ಮಾಡಿದ ಈ ಆಟದಲ್ಲಿ ಆಟಗಾರನ ಪಾತ್ರವು 1ನೆಯ ಮಟ್ಟದಿಂದ ಆರಂಭಿಸಿ, 2024ರಿಂದೀಚೆಗೆ, 100ನೆಯ ಮಟ್ಟದವರೆಗೆ ಬೆಳೆಯಬಲ್ಲದು. 15ನೆಯ ಮಟ್ಟದಲ್ಲಿ ‘ಸಸ್ತಾಶಾ’ ಎಂಬ ಕಡಲ್ಗಳ್ಳರ ಗುಹೆಯ ಬಾಗಿಲು ತೆರೆಯುತ್ತದೆ. ಒಳಗೆ ಹೋಗುವವರು ನಾಲ್ವರು: ಶತ್ರುವಿನ ಏಟನ್ನು ತನ್ನ ಮೈಮೇಲೆ ಎಳೆದುಕೊಳ್ಳುವ ಟ್ಯಾಂಕ್, ಗಾಯ ಮಾಯಿಸುವ ಹೀಲರ್, ಹೊಡೆಯುವ ಇಬ್ಬರು. (ನಾನೂ ಆಗೊಮ್ಮೆ ಈಗೊಮ್ಮೆ ಆಡುತ್ತೇನೆ. ನನಗೆ ಯಾವ ಕೆಲಸವನ್ನು ವಹಿಸಿದರೆಂದು ಬೇರೆ ಹೇಳಬೇಕಾಗಿಲ್ಲ.) ನಾಲ್ವರು ಒಬ್ಬರಿಗೊಬ್ಬರು ಅಪರಿಚಿತರಾಗಿರಬಹುದು; ಒಬ್ಬನು ನಿನ್ನೆ ಸೇರಿದವನು, ಇನ್ನೊಬ್ಬನು ಹತ್ತು ವರ್ಷದ ಹಳಬ. 100ನೆಯ ಮಟ್ಟದ ಹಳಬನು ಈ ಗುಹೆಯನ್ನು ಹೊಕ್ಕೊಡನೆ ಆಟವು ಅವನ ಬಲವನ್ನು ಗುಹೆಗೆ ತಕ್ಕಷ್ಟಕ್ಕೆ ಇಳಿಸುತ್ತದೆ. ಅನಂತರ ಕಲಿತ ವಿದ್ಯೆಗಳೆಲ್ಲ ಆ ಹೊತ್ತಿಗೆ ಮರೆಯಾಗುತ್ತವೆ. ಇದಕ್ಕೆ ‘ಲೆವೆಲ್ ಸಿಂಕ್’ ಎಂದು ಹೆಸರು. 2012ರಲ್ಲಿ ಬಂದ ‘ಗಿಲ್ಡ್ ವಾರ್ಸ್ 2’ ಬೇರೆ ದಾರಿ ಹಿಡಿಯಿತು. ಅಲ್ಲಿ ಹಳಬನ ಬಲದ ಅಂಕಿಗಳು ಮಾತ್ರ ತಗ್ಗುತ್ತವೆ, ವಿದ್ಯೆಗಳು ಕೈಯಲ್ಲೇ ಉಳಿಯುತ್ತವೆ. ನಮ್ಮ ಹುಡುಗರು ಬೇಡುವುದು ಈ ಎರಡನೆಯ ದಾರಿಯನ್ನು.

ಅವರ ಮೊದಲ ಮಾತು: ‘ಅದು ನಾನು ದುಡಿದು ಗಳಿಸಿದ್ದು, ಕಸಿದುಕೊಳ್ಳುವ ಹಕ್ಕು ಯಾರಿಗಿದೆ?’ ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಇದಕ್ಕೆ ಉತ್ತರ ನಮ್ಮ ಆಕ್ಲೆಂಡಿನಲ್ಲಿಯೇ ಇದೆ. ನಗರದ ಪಶ್ಚಿಮಕ್ಕಿರುವ ಹೆಂಡರ್ಸನ್ನಿನಲ್ಲಿ ಗ್ರೈಂಡಿಂಗ್ ಗಿಯರ್ ಗೇಮ್ಸ್ ಎಂಬ ಸಂಸ್ಥೆಯಿದೆ. 2006ರಲ್ಲಿ ಹುಟ್ಟಿದ ಈ ಸಂಸ್ಥೆ 2013ರಲ್ಲಿ ‘ಪಾತ್ ಆಫ್ ಎಕ್ಸೈಲ್’ ಎಂಬ ಆಟವನ್ನು ಲೋಕಕ್ಕೆ ಕೊಟ್ಟಿತು. ಇಂದು ಅದರ ಒಡೆತನ ಚೀನಾದ ಟೆನ್ಸೆಂಟ್ ಕಂಪನಿಯದಾದರೂ ಆಟ ರೂಪುಗೊಳ್ಳುವುದು ಇಲ್ಲಿಯೇ. ಆ ಆಟದಲ್ಲಿ ಕೆಲವು ತಿಂಗಳಿಗೊಮ್ಮೆ ಹೊಸ ‘ಲೀಗ್’ ಆರಂಭವಾಗುತ್ತದೆ. ಅಂದು ಸಾವಿರಾರು ಗಂಟೆ ಆಡಿದವನೂ ಇಂದೇ ಖಾತೆ ತೆರೆದವನೂ ಒಂದೇ ಕಡಲತೀರದಲ್ಲಿ, ಒಂದೇ ಮೊದಲನೆಯ ಮಟ್ಟದಲ್ಲಿ, ಬರಿಗೈಯಲ್ಲಿ ಎದ್ದು ನಿಲ್ಲುತ್ತಾರೆ. ಹಳೆಯ ಪಾತ್ರ, ಹಳೆಯ ಆಯುಧ ಯಾವುದನ್ನೂ ಆ ಲೀಗಿಗೆ ತರುವಂತಿಲ್ಲ. ಹಳಬರು ಇದನ್ನು ಕಳವೆಂದು ದೂರುತ್ತಾರೆಯೇ? ಕೆಲಸಕ್ಕೆ ರಜೆ ಹಾಕಿ ಕಾದು ಕುಳಿತಿರುತ್ತಾರೆ! ‘ಗಳಿಸಿದ್ದನ್ನು ಇಳಿಸಲಾರೆ’ ಎಂದು ನನ್ನೊಡನೆ ಜಗಳವಾಡಿದ ಹುಡುಗರೇ ಹೊಸ ಲೀಗಿನ ದಿನ ಎಲ್ಲವನ್ನೂ ಇಳಿಸಿ ಓಡುತ್ತಾರೆ. ಹಾಗಾದರೆ ಇಳಿಸುವುದರಲ್ಲಿ ನೋವಿಲ್ಲ. ಇನ್ನೊಬ್ಬರಿಗಾಗಿ ಇಳಿಸುವುದರಲ್ಲಿ ಮಾತ್ರ ನೋವಿದೆ ಎಂದಾಯಿತು.

ಅದೇ ಲೀಗು ಇನ್ನೊಂದು ಸಂಗತಿಯನ್ನೂ ತೋರಿಸುತ್ತದೆ. ಒಂದೇ ದಡದಿಂದ ಹೊರಟರೂ ಹಳಬನು ಕೆಲವೇ ಗಂಟೆಗಳಲ್ಲಿ ದಾಟುವ ಹಾದಿಗೆ ಹೊಸಬನಿಗೆ ವಾರಗಳು ಬೇಕು. ಅಂದರೆ ಹಳಬನ ನಿಜವಾದ ಕೌಶಲವನ್ನು ಯಾರೂ ಮುಟ್ಟಿಲ್ಲ. ಎಲ್ಲಿ ನಿಲ್ಲಬೇಕು, ಯಾವಾಗ ಹಿಂದೆ ಸರಿಯಬೇಕು, ಯಾವ ಶತ್ರುವನ್ನು ಮೊದಲು ಕೆಡವಬೇಕು ಎಂಬ ತಿಳಿವು ಅವನ ಕಣ್ಣಿನಲ್ಲಿ, ಬೆರಳಿನಲ್ಲಿ, ತಲೆಯಲ್ಲಿ ಇದೆ. ಲೆವೆಲ್ ಸಿಂಕ್ ತೆಗೆದುಕೊಳ್ಳುವುದು ಆಟವೇ ಎರವಲು ಕೊಟ್ಟ ಗುಂಡಿಗಳನ್ನು ಮಾತ್ರ. ನಮ್ಮ ಹುಡುಗರು ಇವೆರಡನ್ನೂ ‘ಸ್ಕಿಲ್’ ಎಂಬ ಒಂದೇ ಶಬ್ದದಿಂದ ಕರೆಯುವುದರಿಂದ ವಾದ ಕಲಸಿಹೋಗಿದೆ.

ಪಾಂಡವರು ವಿರಾಟನಗರವನ್ನು ಹೊಗುವ ಮುನ್ನ ಆಯುಧಗಳನ್ನು ಬನ್ನಿಮರದ ಮೇಲೆ ಕಟ್ಟಿಟ್ಟರು. ಗಾಂಡೀವವಿಲ್ಲದ ಅರ್ಜುನ ಬೃಹನ್ನಳೆಯಾಗಿ ಒಂದು ವರ್ಷ ಹೆಣ್ಣುಮಕ್ಕಳಿಗೆ ನಾಟ್ಯ ಕಲಿಸಿದ. ಉತ್ತರೆ ಕಲಿತಳು. ಅದೇ ಅರ್ಜುನ ಗೋಗ್ರಹಣದ ದಿನ ಬಿಲ್ಲು ಕೈಗೆತ್ತಿಕೊಂಡು ಉತ್ತರಕುಮಾರನ ಕೈಗೆ ಕುದುರೆಯ ಲಗಾಮು ಕೊಟ್ಟ. ಯುದ್ಧ ಗೆದ್ದಿತು, ಗೋವುಗಳು ಮರಳಿದವು. ವಿರಾಟರಾಯನೋ, ಮಗನೇ ಕೌರವಸೇನೆಯನ್ನು ಗೆದ್ದನೆಂದು ಊರನ್ನೆಲ್ಲ ಸಿಂಗರಿಸಿದ. ಗೆದ್ದವಳು ಬೃಹನ್ನಳೆಯೆಂದ ಕಂಕಭಟ್ಟನ ಮುಖಕ್ಕೆ ದಾಳವನ್ನೆಸೆದು ರಕ್ತ ಬರಿಸಿದ. ಅಂದು ಗೋವುಗಳನ್ನು ಬಿಡಿಸಲೇಬೇಕಾಗಿತ್ತು, ಎದುರಿಗಿದ್ದವರು ಭೀಷ್ಮದ್ರೋಣರು, ಆದ್ದರಿಂದ ಅರ್ಜುನನನ್ನು ನಾನು ದೂಷಿಸುವುದಿಲ್ಲ. ಸಸ್ತಾಶಾ ಗುಹೆಯಲ್ಲಿ ಯಾರ ಗೋವುಗಳೂ ಸೆರೆಯಾಗಿಲ್ಲ. ಅಲ್ಲಿ ಹಳಬನು ಮೇಲ್ಮಟ್ಟದ ಒಂದೆರಡು ವಿದ್ಯೆ ಬೀಸಿ ಗುಂಪು ಗುಂಪಾಗಿ ಶತ್ರುಗಳನ್ನು ಕೆಡವಿದರೆ, ಹಿಂದೆ ಓಡಿಬಂದ ಹೊಸಬನ ಖಾತೆಗೂ ಗೆಲುವು ಜಮೆಯಾಗುತ್ತದೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ನಮ್ಮಜ್ಜಿಯರು ನಗುತ್ತಿದ್ದುದು ಇಂಥ ಗೆಲುವನ್ನು ಕಂಡೇ.

ಆ ಗುಹೆಯೊಳಗೆ ಏನಿದೆ ಎಂಬುದನ್ನು ಸ್ವಲ್ಪ ನೋಡಿ. ದಾರಿಯಲ್ಲಿ ರಕ್ತದ ಕಲೆಯಿರುವ ಒಂದು ಚೀಟಿ ಬಿದ್ದಿರುತ್ತದೆ. ಮುಂದೆ ಬೇರೆ ಬೇರೆ ಬಣ್ಣದ ಹವಳದ ಗೊಂಚಲುಗಳು. ಯಾವ ಬಣ್ಣವನ್ನು ಮುಟ್ಟಬೇಕೆಂಬ ಸುಳಿವು ಚೀಟಿಯಲ್ಲಿದೆ. ಕಡೆಯ ಕಾಳಗದಲ್ಲಿ ನೀರಿನಿಂದ ಗುಳ್ಳೆಗಳೇಳುತ್ತವೆ; ಆ ಜಾಗವನ್ನು ಹುಡುಕಿ ತಡೆಯದಿದ್ದರೆ ಇನ್ನಷ್ಟು ಶತ್ರುಗಳು ಮೇಲೆ ಬರುತ್ತಾರೆ. ಓದು, ಗಮನಿಸು, ಸಂಗಡಿಗರಿಗೆ ಹೇಳು: ಮೊದಲ ಪಾಠ ಇಷ್ಟೇ. ಹಳಬನ ಪೂರ್ಣಬಲ ಬಂದರೆ ಗುಳ್ಳೆಯೇಳುವ ಮೊದಲೇ ನಾಯಕ ಸತ್ತಿರುತ್ತಾನೆ. ವೈದ್ಯನಾಗಿ ನನಗೆ ಹೆಚ್ಚು ಕಾಡುವುದು ಹೊಸ ಹೀಲರನ ಗತಿ. ತನ್ನ ಗಾಯವನ್ನು ತಾನೇ ಮಾಯಿಸಿಕೊಳ್ಳುವ ವಿದ್ಯೆಯಿರುವ ಹಳೆಯ ಟ್ಯಾಂಕ್ ಮುಂದಿದ್ದರೆ, ಹಿಂದಿರುವ ಮಗುವಿಗೆ ಒಮ್ಮೆಯೂ ಕೈಚಾಚುವ ಪ್ರಮೇಯ ಬರುವುದಿಲ್ಲ. ಹಾಗೆ ಹತ್ತು ಗುಹೆ ದಾಟಿ 50ನೆಯ ಮಟ್ಟಕ್ಕೆ ಬಂದ ಮೇಲೆ, ನಿಜವಾಗಿ ಯಾರೋ ಸಾಯುತ್ತಿರುವಾಗ, ಅದೇ ಮಗುವನ್ನು ‘ಇಷ್ಟೂ ಬಾರದೇ?’ ಎಂದು ಬೈಯುವವರು ಮತ್ತೆ ಹಳಬರೇ.

‘ವಿದ್ಯೆ ಇರಲಿ, ಅಂಕಿಗಳನ್ನು ಮಾತ್ರ ತಗ್ಗಿಸಿ’ ಎಂಬ ಮಧ್ಯಮಮಾರ್ಗ ನೋಡಲು ಸೌಮ್ಯವಾಗಿದೆ. ಆದರೆ ತೊಂದರೆಯಿರುವುದು ಹೊಡೆತದ ತೂಕದಲ್ಲಿ ಮಾತ್ರವಲ್ಲ. ಒಟ್ಟಿಗೆ ಹತ್ತು ಶತ್ರುಗಳನ್ನು ಸೆಳೆಯುವುದು, ಕ್ಷಣದಲ್ಲಿ ಅಷ್ಟು ದೂರ ನೆಗೆಯುವುದು, ಹೊಡೆಯುತ್ತಲೇ ಚೇತರಿಸಿಕೊಳ್ಳುವುದು, ಇವು ಒಬ್ಬನೇ ಮೂವರ ಕೆಲಸ ಮಾಡುವ ವಿದ್ಯೆಗಳು. ಮೂವರ ಕೆಲಸವನ್ನು ಒಬ್ಬ ಮಾಡಿದರೆ ಉಳಿದವರು ಪ್ರೇಕ್ಷಕರು.

ಕರಾವಳಿಯ ಸದಸ್ಯರಿಗೆ ಇದು ಬೇಗ ಹೊಳೆಯುತ್ತದೆ. ರಾತ್ರಿಯಿಡೀ ನಡೆಯುತ್ತಿದ್ದ ಯಕ್ಷಗಾನದಲ್ಲಿ ಪ್ರಸಂಗ ಆರಂಭವಾಗುವ ಮೊದಲು ಪೂರ್ವರಂಗವಿತ್ತು. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ: ಕಲಿಯುವ ಹುಡುಗರು ಹೆಜ್ಜೆ ಪಕ್ಕಾ ಮಾಡಿಕೊಂಡಿದ್ದು ಅಲ್ಲಿ, ಸಭೆ ಇನ್ನೂ ಸೇರುತ್ತಿರುವ ಹೊತ್ತಿನಲ್ಲಿ, ತಪ್ಪಿದರೆ ಯಾರೂ ಶಪಿಸದ ಜಾಗದಲ್ಲಿ. ಎದುರುವೇಷದ ಕಲಾವಿದ ಆ ವೇಳೆಗೆ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿದ್ದ. ಅವನೇ ಕಿರೀಟ ಕಟ್ಟಿ ಬಾಲಗೋಪಾಲರ ನಡುವೆ ದಿಗಿಣ ಹಾಕಿದ್ದರೆ ಚಪ್ಪಾಳೆಯೇನೋ ಬೀಳುತ್ತಿತ್ತು. ಹುಡುಗರು ರಂಗದ ಮೂಲೆಯಲ್ಲಿ ನಿಂತು ನೋಡುತ್ತಿದ್ದರು. ಕಾಲಮಿತಿಯ ಆಟಗಳು ಬಂದು ಪೂರ್ವರಂಗ ಮೊಟಕಾದಾಗ ಬಲ್ಲವರು ಹಲುಬಿದ್ದು ಹುಡುಗರ ಆ ಜಾಗ ಹೋಯಿತಲ್ಲಾ ಎಂದೇ. ಸಂಗೀತ ಕಲಿಸುವ ನಮ್ಮ ಸದಸ್ಯೆಯರನ್ನು ಕೇಳಿ: ಮಗುವಿಗೆ ಮಾಯಾಮಾಳವಗೌಳದಲ್ಲಿ ಸರಳೆ ಹೇಳಿಕೊಡುವಾಗ ಗುರುವು ತನ್ನ ಮನೋಧರ್ಮವನ್ನೆಲ್ಲ ಹರಿಯಬಿಡುವರೇ? ಇಲ್ಲಿನ ರಗ್ಬಿ ಮೈದಾನಗಳಿಗೆ ಮಕ್ಕಳನ್ನು ಕರೆದೊಯ್ಯುವ ತಂದೆತಾಯಂದಿರಿಗೆ ತೂಕದ ಪ್ರಕಾರ ತಂಡ ವಿಂಗಡಿಸುವ ಪದ್ಧತಿಯೂ ಹೊಸದಲ್ಲ.

ಈಗ ಅವರ ಎರಡನೆಯ ಮಾತು, ನಾನು ಹಗುರವಾಗಿ ತಳ್ಳಿಹಾಕಲಾರದ ಮಾತು: ಬೇಸರ. ಮೂವತ್ತು ಗುಂಡಿಗಳಿಗೆ ಒಗ್ಗಿದ ಕೈಗೆ ಎರಡೋ ಮೂರೋ ಗುಂಡಿ ಕೊಟ್ಟು ಇಪ್ಪತ್ತು ನಿಮಿಷ ಒತ್ತಿಸಿದರೆ ಬೇಸರವಾಗುವುದು ಸಹಜ. ಬಲ್ಲ ವಿದ್ಯೆಯನ್ನು ಬಳಸಲಾಗದ ಆ ಇರಿತ ನನಗೆ ಗೊತ್ತು. ಭಾರತದಲ್ಲಿ ಎಂಬಿಬಿಎಸ್ ಮುಗಿಸಿ, ವರ್ಷಗಟ್ಟಲೆ ರೋಗಿಗಳನ್ನು ನೋಡಿ, ಇಲ್ಲಿನ ಮೆಡಿಕಲ್ ಕೌನ್ಸಿಲಿನ ಎನ್‌ಝೆಡ್‌ರೆಕ್ಸ್ ಪರೀಕ್ಷೆಯ ಬಾಗಿಲಿನಿಂದ ಒಳಬಂದ ನನ್ನಂಥವರು ಮೊದಲ ವರ್ಷದ ಹೌಸ್ ಆಫೀಸರ್ ಆಗಿ ಮತ್ತೆ ಆರಂಭಿಸುತ್ತಾರೆ. ಪಕ್ಕದಲ್ಲಿ ಆಗತಾನೆ ಪದವಿ ಪಡೆದ ಹುಡುಗ ಹುಡುಗಿಯರು. ಮಾಡಬಲ್ಲೆನೆಂದು ಖಚಿತವಾಗಿದ್ದ ಎಷ್ಟೋ ಕೆಲಸಗಳಿಗೆ ಮೇಲಿನವರ ಅನುಮತಿಗಾಗಿ ಕಾಯಬೇಕು. ಕಸಿಯಲಾಗದೆ ಉಳಿದದ್ದು ಕಣ್ಣು: ಈ ರೋಗಿ ರಾತ್ರಿ ಹದಗೆಡುತ್ತಾನೆಂದು ಹಾಸಿಗೆಯ ಬುಡದಿಂದಲೇ ಗುರುತಿಸುವ ಕಣ್ಣು. ಪಕ್ಕದ ಎಳೆಯ ವೈದ್ಯರಿಗೆ ನಾನು ಹಂಚಲು ಸಾಧ್ಯವಾದದ್ದೂ ಅದೊಂದೇ. ನಮ್ಮದು ವರ್ಷದ ಲೆವೆಲ್ ಸಿಂಕ್, ಅದೂ ಸಂಬಳ ಇಳಿಸಿ. ಇಪ್ಪತ್ತು ನಿಮಿಷ ಸಹಿಸಲಾರೆನೆನ್ನುವ ಹುಡುಗರು ಕ್ಷಮಿಸಬೇಕು, ನನ್ನ ಕನಿಕರಕ್ಕೆ ಒಂದು ಮಿತಿಯಿದೆ.

ಬೇಸರಕ್ಕೆ ಮದ್ದು ಬೇರೆಯೇ ಇದೆ. 15ನೆಯ ಮಟ್ಟದಲ್ಲಿ ಗುಂಡಿಗಳು ತೀರ ಕಡಮೆಯೆಂದಾದರೆ, ಆ ಮಟ್ಟದ ಎಲ್ಲರಿಗೂ, ಹೊಸಬರಿಗೂ ಸೇರಿ, ಇನ್ನೆರಡು ವಿದ್ಯೆಗಳನ್ನು ಬೇಗ ಕೊಡಿ ಎಂದು ಆಟ ರಚಿಸುವವರನ್ನು ಕೇಳಬೇಕು. ಆ ಬೇಡಿಕೆಗೆ ನಾನೂ ಸಹಿ ಹಾಕುತ್ತೇನೆ. ಪೂರ್ಣಬಲದ ಆಸೆಗೂ ಜಾಗವಿಲ್ಲವೆಂದಲ್ಲ: ಮಿತಿಯನ್ನು ತೆಗೆದು ಹಳೆಯ ಗುಹೆಗಳನ್ನು ಹೊಗುವ ಆಯ್ಕೆಯನ್ನು ಫೈನಲ್ ಫ್ಯಾಂಟಸಿ ಕೊಟ್ಟಿದೆ, ಮೊದಲೇ ಮಾತಾಡಿಕೊಂಡು ಒಟ್ಟಾದ ಗೆಳೆಯರಿಗೆ. ಒಪ್ಪಿದವರ ನಡುವೆ ಏನು ಬೇಕಾದರೂ ಮಾಡಿಕೊಳ್ಳಲಿ. ಒಪ್ಪಿಗೆ ಕೇಳದ ಅಪರಿಚಿತನ ಮೊದಲ ದಿನವನ್ನು ಮಾತ್ರ ಬಿಟ್ಟುಬಿಡಲಿ. ಹಳಬನಿಗೆ ಪ್ರತಿಫಲವಿಲ್ಲವೆಂಬ ದೂರೂ ಸಲ್ಲದು. ಚೀಟಿ ಎತ್ತಿದಂತೆ ಯಾವುದೋ ಗುಹೆಗೆ ಕಳುಹಿಸುವ ‘ರೂಲೆಟ್’ಗೆ ದಿನವೂ ಬಹುಮಾನವಿದೆ, ಗುಂಪಿನಲ್ಲಿ ಆ ಗುಹೆಗೆ ಹೊಸಬನಿದ್ದರೆ ಮೇಲೊಂದಿಷ್ಟು. ಕೂಲಿ ಎಣಿಸಿಕೊಂಡ ಮೇಲೆ ಕೆಲಸ ನೀರಸವೆಂದು ಗೊಣಗುವುದು ಅಷ್ಟು ಶೋಭಿಸುವುದಿಲ್ಲ.

ನ್ಯೂಜಿಲೆಂಡಿನಲ್ಲಿ ಕುಳಿತವರಿಗೆ ಇದರಲ್ಲಿ ಸ್ವಂತದ ಸ್ವಾರ್ಥವೂ ಇದೆ. 2022ರ ಜನವರಿಯವರೆಗೆ ನಾವು ಅಮೆರಿಕದ ಅಥವಾ ಜಪಾನಿನ ಸರ್ವರುಗಳಲ್ಲಿ, ಒತ್ತಿದ ಗುಂಡಿ ತಡವಾಗಿ ತಲಪುವ ಕಷ್ಟದಲ್ಲಿ ಆಡಬೇಕಿತ್ತು. ಆ ತಿಂಗಳು ಓಷಿಯಾನಿಯಾಕ್ಕೆಂದು ‘ಮಟೀರಿಯಾ’ ಎಂಬ ಪ್ರತ್ಯೇಕ ಕೇಂದ್ರ ತೆರೆಯಿತು. ವೇಗ ಸಿಕ್ಕಿತು, ಜನ ಸಿಕ್ಕಲಿಲ್ಲ. ಅಲ್ಲಿ ನಾಲ್ವರು ಕೂಡುವುದಕ್ಕೆ ಎಷ್ಟೋ ಸಲ ಕಾದು ಕೂರಬೇಕು. ಇಂಥ ಸಣ್ಣ ಊರಿನಲ್ಲಿ ಒಬ್ಬ ಹೊಸಬ ಬೇಸತ್ತು ಹೊರಟರೆ ಸರದಿಯಲ್ಲಿ ಕಾಯುವವರಿಗೆಲ್ಲ ಅದು ತಟ್ಟುತ್ತದೆ. ಬೆಂಗಳೂರಿನಂಥ ನಗರದಲ್ಲಿ ಒಂದು ಸಂಘ ಬೇಡವೆನಿಸಿದರೆ ಮತ್ತೊಂದುಂಟು. ಇಲ್ಲಿ ನಮ್ಮ ಕೂಟಕ್ಕೆ ಮೊದಲ ಬಾರಿ ಬಂದ ಸಂಸಾರ ಮೂಲೆಯಲ್ಲಿ ಕುಳಿತು ಹಿಂದಿರುಗಿದರೆ ಏನಾಗುತ್ತದೆಂಬುದು ಸಮಿತಿಯಲ್ಲಿ ದುಡಿದವರಿಗೆಲ್ಲ ತಿಳಿದಿದೆ.

ಇಷ್ಟಾದರೂ ಲೆವೆಲ್ ಸಿಂಕ್ ಎಂಬ ಯಂತ್ರ ಮಾಡಬಲ್ಲದ್ದು ಅರ್ಧ ಮಾತ್ರ. ಗುಂಡಿಗಳನ್ನು ಕಸಿದರೂ ತಿಳಿವು ಉಳಿಯುತ್ತದಲ್ಲ, ಅದೇ ತಿಳಿವಿನಿಂದ ಹಳಬ ಚೀಟಿಯನ್ನು ತಾನೇ ಓದಿ, ಮುಂದೆ ಓಡಿ ಹವಳವನ್ನು ಮುಟ್ಟಿಬಿಟ್ಟರೆ ಹೊಸಬ ಮತ್ತೆ ಉತ್ತರಕುಮಾರನೇ. ಅದನ್ನು ತಡೆಯುವ ಸಾಫ್ಟ್‌ವೇರ್ ಯಾರೂ ಬರೆಯಲಾರರು. ಆದ್ದರಿಂದ ನಮ್ಮ ಹಿರಿಯ ಆಟಗಾರ ಮಿತ್ರರಲ್ಲಿ ಒಂದು ಖಚಿತವಾದ ಕೋರಿಕೆ. ಜುಲೈ ತಿಂಗಳ ಶಾಲಾ ರಜೆಯಲ್ಲಿ ನಿಮ್ಮ ತಮ್ಮಂದಿರೋ ತಂಗಿಯರೋ, ಮೈಸೂರಿನಿಂದ ಚಿಕ್ಕಮ್ಮನ ಮಗನೋ ಮೊದಲ ಬಾರಿ ಈ ಗುಹೆಗೆ ಬಂದಾಗ, ಚೀಟಿಯ ಬಳಿ ನಿಂತುಬಿಡಿ. ಅವರು ಅದನ್ನು ಕಾಣಲಿ, ಓದಲಿ, ತಪ್ಪು ಬಣ್ಣವನ್ನು ಮುಟ್ಟಿ ಶತ್ರುಗಳನ್ನು ಮೈಮೇಲೆ ಎಳೆದುಕೊಳ್ಳಲಿ. ಹೀಲರ್ ಅವರಾಗಿದ್ದರೆ ನೀವು ಒಂದಿಷ್ಟು ಏಟು ತಿನ್ನಿ.

ನನ್ನ ಮಾತು ಒಪ್ಪದವರು ಉತ್ತರ ಬರೆಯಬೇಕೆಂದು ಸಂಪಾದಕ ಬಳಗದ ಪರವಾಗಿಯೂ ಆಹ್ವಾನಿಸುತ್ತೇನೆ. ಕನ್ನಡದಲ್ಲಿ ಬರೆಯಲು ತಡವರಿಸುವವರು ಹೇಳಿ ಬರೆಸಬಹುದು. ಬರೆದುಕೊಡಲು ಆರೋಗ್ಯ ತಪಾಸಣೆಯ ಮೇಜಿನ ಬಳಿ ನಾನಿರುತ್ತೇನೆ.